ಕೊಳ್ಳಲಾಗದ ರೈಲುಗಳ ಕ್ಯಾಟಲಾಗ್

ಸೇತುವೆ ಹತ್ತಿರ ಬಂತೆಂದರೆ ಜಿರಾಫೆ ತಲೆ ತಗ್ಗಿಸುತ್ತದೆ. ದಾಟಿದ ಮೇಲೆ ಮತ್ತೆ ಕತ್ತೆತ್ತಿ ಗತ್ತಿನಲ್ಲಿ ನಿಲ್ಲುತ್ತದೆ. ಬ್ರಿಟನ್ನಿನ ಟ್ರೈ-ಆಂಗ್ ಕಂಪನಿ 1960ರ ದಶಕದಲ್ಲಿ ಮಾರುತ್ತಿದ್ದ ಆಟಿಕೆ ರೈಲಿನ ಒಂದು ಡಬ್ಬಿ ಇದು. ಛಾವಣಿಯ ಕಿಂಡಿಯಿಂದ ಜಿರಾಫೆಯ ಕತ್ತು ಹೊರಗೆ ಚಾಚಿರುತ್ತದೆ. ಹಳಿಯ ಪಕ್ಕ ಕೂರಿಸಿದ ತುಂಡೊಂದು ತಾಗಿದೊಡನೆ ಅದು ಬಾಗುತ್ತದೆ. ಅಮೆರಿಕದ ಲಯೊನೆಲ್ ಕಂಪನಿಯೂ ಇಂಥದೇ ಡಬ್ಬಿಯೊಂದನ್ನು ಮಾರಿತ್ತು. ತಮಾಷೆಯೆಂದರೆ ಟ್ರೈ-ಆಂಗ್ ಕ್ಯಾಟಲಾಗಿನಲ್ಲಿ ಜಿರಾಫೆಯ ಹಿಂದುಮುಂದಿನ ಪುಟಗಳಲ್ಲೇ ಬ್ರಿಟಿಷ್ ರೈಲ್ವೆಯ ಅಸಲಿ ಎಂಜಿನ್ನುಗಳು ನಂಬರು, ಬಣ್ಣ, ಲಾಂಛನ ಸಮೇತ ಗಂಭೀರವಾಗಿ ನಿಂತಿರುತ್ತವೆ. ಕ್ಷಿಪಣಿ ಹಾರಿಸುವ ಬೋಗಿಗೂ ಅಲ್ಲೇ ಜಾಗ. ಅಪ್ಪನಿಗೊಂದು ಪುಟ, ಮಗನಿಗೊಂದು ಪುಟ.

ಮಾದರಿ ರೈಲಿನ ಹುಚ್ಚು ಹತ್ತಿದವರಲ್ಲಿ ಎರಡು ಜಾತಿ: ರೈಲು ಓಡಿಸುವವರು ಮತ್ತು ಕ್ಯಾಟಲಾಗ್ ಓದುವವರು. ನಾನು ಎರಡನೆಯ ಜಾತಿಗೆ ಸೇರಿದವನು, ಅದೂ ಬೇಕೆಂದು ಸೇರಿದವನಲ್ಲ. ವಿದೇಶಿ ಗ್ರಾಹಕ ಸರಕುಗಳ ಆಮದಿಗೆ ನಮ್ಮ ದೇಶದಲ್ಲಿ ದಶಕಗಟ್ಟಲೆ ಪರವಾನಗಿಯ ಬೇಲಿ ಇತ್ತು. ಆ ನಿರ್ಬಂಧಗಳ ಕೊನೆಯ ಕಂತು ತೆರವಾದದ್ದು 2001ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಹಾರ್ನ್‌ಬಿ, ಮಾರ್ಕ್ಲಿನ್ ಎಂಬ ಆಟಿಕೆ ರೈಲಿನ ಕಂಪನಿಗಳೆಲ್ಲ ನಮ್ಮಂಥವರ ಪಾಲಿಗೆ ಕಾಗದದ ಮೇಲಿನ ಊರುಗಳು. ಲಂಡನ್ನಿಗೋ ಮಸ್ಕತ್ತಿಗೋ ಹೋದ ಸೋದರಮಾವ ಊರಿಗೆ ಬಂದಾಗ ಸೂಟ್‌ಕೇಸಿನ ತಳದಲ್ಲಿ, ಬಟ್ಟೆಗಳ ಅಡಿಯಲ್ಲಿ ಹಾಸಿಕೊಂಡು ಬಂದದ್ದು ಆ ವರ್ಷದ ಕ್ಯಾಟಲಾಗ್.

"ಮಾವ, ಎಂಜಿನ್ನು?"

"ಅದರ ದುಡ್ಡಿಗೆ ಇಲ್ಲಿ ಸೈಕಲ್ ಬರುತ್ತೆ ಕಣೋ. ಸದ್ಯಕ್ಕೆ ಇದನ್ನ ನೋಡ್ಕೋ."

ನೋಡಿಕೊಂಡೆವು. ಆಮೇಲೆ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ, ಹಳೇ ಗೈಡುಗಳು ಮತ್ತು ಹೊಲಿಗೆ ಪತ್ರಿಕೆಗಳ ರಾಶಿಯಲ್ಲಿ ಇನ್ನಷ್ಟು ಸಿಕ್ಕವು. ಕೈ ಬದಲಾಯಿಸಿ ಬಂದ ಆ ಪ್ರತಿಗಳಲ್ಲಿ ನನಗೆ ಮೊದಲು ಕಂಡದ್ದು ಚಿತ್ರಗಳಲ್ಲ, ಪೆನ್ಸಿಲ್ ಗುರುತುಗಳು. ಯಾರೋ ಒಂದು ಎಂಜಿನ್ನಿಗೆ ಟಿಕ್ ಹಾಕಿದ್ದಾರೆ, ಪಕ್ಕದಲ್ಲಿ ಕೂಡುವ ಲೆಕ್ಕ ಮಾಡಿದ್ದಾರೆ, ಮೊತ್ತ ನೋಡಿ ಅದನ್ನು ಹೊಡೆದು ಚಿಕ್ಕ ಎಂಜಿನ್ನಿಗೆ ಟಿಕ್ ಹಾಕಿದ್ದಾರೆ. ಈ ಪುಸ್ತಕ ಅಚ್ಚಾದ ದೇಶದಲ್ಲೂ ಹುಡುಗರ ಗತಿ ನಮ್ಮದೇ ಆಗಿತ್ತೆಂದು ಆಗ ತಿಳಿಯಿತು. ಕ್ಯಾಟಲಾಗ್ ಕೊಳ್ಳುವವರಿಗಾಗಿ ಅಚ್ಚಾಗುತ್ತದೆ ಎಂಬುದು ಅರ್ಧ ಸತ್ಯ. ಕೊಳ್ಳಲಾಗದವರೇ ಅದರ ನಿಜವಾದ ಓದುಗರು. ಕೊಂಡವನು ಒಮ್ಮೆ ತಿರುವಿ ಬದಿಗಿಡುತ್ತಾನೆ. ಕೊಳ್ಳದವನಿಗೆ ಅದು ಬಾಯಿಪಾಠ.

ಬಾಯಿಪಾಠ ಮಾಡಿಸುವ ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ. 1901ರಲ್ಲಿ ಪೇಟೆಂಟ್ ಪಡೆದು, ತೂತು ಕೊರೆದ ಲೋಹದ ಪಟ್ಟಿ, ನಟ್ಟು, ಬೋಲ್ಟುಗಳ ಆಟಿಕೆಯನ್ನು ಹೊರತಂದ. ಮುಂದೆ ಮೆಕ್ಯಾನೊ ಎಂದು ಹೆಸರಾದದ್ದು ಅದೇ. 1920ರಲ್ಲಿ ಕೀಲಿ ಕೊಟ್ಟು ಓಡಿಸುವ ರೈಲುಗಳು ಬಂದವು. 1925ರಲ್ಲಿ, ಅಂದರೆ ಇಂಗ್ಲೆಂಡಿನ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲುದಾರಿಗೆ ನೂರು ತುಂಬಿದ ವರ್ಷ, 'ಹಾರ್ನ್‌ಬಿ ಬುಕ್ ಆಫ್ ಟ್ರೇನ್ಸ್' ಶುರುವಾಯಿತು. ಹೆಸರಿಗೆ ಪುಸ್ತಕ. ಮೊದಲ ಭಾಗದಲ್ಲಿ ನಿಜದ ರೈಲುಗಳ ಬಗ್ಗೆ ಲೇಖನಗಳು: ಸಿಗ್ನಲ್ ಹೇಗೆ ಕೆಲಸ ಮಾಡುತ್ತದೆ, ದೊಡ್ಡ ಎಕ್ಸ್‌ಪ್ರೆಸ್ಸುಗಳು ಹೇಗೆ ಓಡುತ್ತವೆ ಇತ್ಯಾದಿ. ಅದನ್ನೆಲ್ಲ ಓದಿ ಹುಡುಗ ಹದವಾದ ಮೇಲೆ ಬಣ್ಣದ ಪುಟಗಳಲ್ಲಿ ಸರಕು, ಬೆಲೆ. ಪಾಠ ಓದಿಸಿ ಆಮೇಲೆ ಅಂಗಡಿಗೆ ಕರೆದೊಯ್ಯುವ ಈ ಉಪಾಯ ಅಪ್ಪಂದಿರಿಗೂ ಹಿಡಿಸಿರಬೇಕು. ಮಗ ಆಟಿಕೆ ಕೇಳುತ್ತಿಲ್ಲ, ಎಂಜಿನಿಯರಿಂಗ್ ಕಲಿಯುತ್ತಿದ್ದಾನೆ! ಇಷ್ಟು ಜಾಣನಾದ ಹಾರ್ನ್‌ಬಿ 1931ರಲ್ಲಿ ಪಾರ್ಲಿಮೆಂಟಿಗೂ ಆರಿಸಿಬಂದದ್ದು ಆಶ್ಚರ್ಯವಲ್ಲ.

1936ರಲ್ಲಿ ಆತ ತೀರಿಕೊಂಡ. ಎರಡು ವರ್ಷದ ನಂತರ ಕಂಪನಿ ಊಟದ ಮೇಜಿನ ಮೇಲೆ ಹರಡಬಹುದಾದ ಚಿಕ್ಕ ಗಾತ್ರದ 'ಹಾರ್ನ್‌ಬಿ ಡಬ್ಲೊ' ರೈಲುಗಳನ್ನು ತಂದಿತು. ಹಳೇ ಕ್ಯಾಟಲಾಗ್ ಓದುವವರಿಗೆ ಪ್ರಿಯವಾದ ಒಂದು ಬಗೆಯ ಸರಕು ಮೊದಲ ಡಬ್ಲೊ ಪುಟಗಳಲ್ಲೇ ಇದೆ: ಚಿತ್ರದಲ್ಲಿದ್ದೂ ಅಂಗಡಿಯಲ್ಲಿಲ್ಲದ್ದು. 'ಡಚೆಸ್ ಆಫ್ ಅಥೋಲ್' ಎಂಬ ಎಂಜಿನ್ನನ್ನು ಕಂಪನಿ ಯುದ್ಧದ ಹೊಸ್ತಿಲಲ್ಲಿ ಸಾರಿತು. ಅಷ್ಟರಲ್ಲಿ ಯುದ್ಧ ಬಂತು, ಕಾರ್ಖಾನೆ ಬೇರೆ ಕೆಲಸಕ್ಕೆ ತಿರುಗಿತು. ಎಂಜಿನ್ನು ಹುಡುಗರ ಕೈಗೆ ಬಂದದ್ದು ಯುದ್ಧವೆಲ್ಲ ಮುಗಿದ ಮೇಲೆ. 1939ರಲ್ಲಿ ಹತ್ತು ವರ್ಷದ ಹುಡುಗನಾಗಿ ಆ ಪುಟಕ್ಕೆ ಟಿಕ್ ಹಾಕಿದವನಿಗೆ ಅಷ್ಟು ಹೊತ್ತಿಗೆ ಮೀಸೆ ಬಂದಿರುತ್ತದೆ.

ಬ್ರಿಟನ್ನಿನ ಆಟಿಕೆ ಉದ್ಯಮದ ಏಳುಬೀಳನ್ನು ಈ ಪುಸ್ತಕಗಳ ಮುಖಪುಟದಲ್ಲೇ ಓದಬಹುದು. 1950ರಲ್ಲಿ ರೋವೆಕ್ಸ್ ಎಂಬ ಪ್ಲಾಸ್ಟಿಕ್ ಕಂಪನಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಿಗಾಗಿ 'ಪ್ರಿನ್ಸೆಸ್ ಎಲಿಜಬೆತ್' ರೈಲಿನ ಸೆಟ್ಟೊಂದನ್ನು ಮಾಡಿತು. ಲೈನ್ಸ್ ಬ್ರದರ್ಸ್ ಸಂಸ್ಥೆ ಅದನ್ನು ಕೊಂಡು, ಟ್ರೈ-ಆಂಗ್ ಹೆಸರಿನಲ್ಲಿ ಅಗ್ಗದ ಪ್ಲಾಸ್ಟಿಕ್ ರೈಲುಗಳನ್ನು ಬಿಟ್ಟಿತು. ಹಾರ್ನ್‌ಬಿ ಡಬ್ಲೊ ಎಂದರೆ ಎರಕದ ಲೋಹ, ತೂಕ, ಘನತೆ. ಜೊತೆಗೆ ನಡುವೆ ಮೂರನೇ ಹಳಿ. ಟ್ರೈ-ಆಂಗ್ ಎಂದರೆ ಹಗುರ, ಎರಡೇ ಹಳಿ, ಕಡಿಮೆ ಬೆಲೆ. ಹಾರ್ನ್‌ಬಿ 1959ರಲ್ಲಿ ಎರಡು ಹಳಿಗೆ ಬದಲಾಯಿತು. ಹೊತ್ತು ಮೀರಿತ್ತು. 1964ರಲ್ಲಿ ಲೈನ್ಸ್ ಬ್ರದರ್ಸ್ ಮೆಕ್ಯಾನೊ ಕಂಪನಿಯನ್ನೇ ನುಂಗಿತು. ಮರುವರ್ಷದ ಹೆಸರು 'ಟ್ರೈ-ಆಂಗ್ ಹಾರ್ನ್‌ಬಿ'. 1971ರಲ್ಲಿ ನುಂಗಿದವರೇ ದಿವಾಳಿ ಎದ್ದರು. 1972ರ ಮುಖಪುಟದಲ್ಲಿ ಬರೀ 'ಹಾರ್ನ್‌ಬಿ ರೈಲ್ವೇಸ್'. ಗೆದ್ದವನ ಎಂಜಿನ್ನುಗಳಿಗೆ ಸೋತವನ ಹೆಸರು! ಇಂದು ಹಾರ್ನ್‌ಬಿ ಎಂದು ನಾವು ಕರೆಯುವುದು ವಂಶದಲ್ಲಿ ಟ್ರೈ-ಆಂಗ್. ಲಿವರ್‌ಪೂಲಿನ ಬಿನ್ಸ್ ರೋಡಿನ ಹಳೇ ಮೆಕ್ಯಾನೊ ಕಾರ್ಖಾನೆ 1979ರಲ್ಲಿ ಬಾಗಿಲು ಹಾಕಿತು.

ಅಮೆರಿಕದ ಲಯೊನೆಲ್ ಕ್ಯಾಟಲಾಗಿಗೆ ಇಂಗ್ಲಿಷರ ಸಂಕೋಚ ಗೊತ್ತಿಲ್ಲ. ಜೋಶುವಾ ಲಯೊನೆಲ್ ಕೋವೆನ್ 1900ರಲ್ಲಿ ನ್ಯೂಯಾರ್ಕಿನಲ್ಲಿ ಶುರುಮಾಡಿದ ಕಂಪನಿ ಅದು. ಮೊದಲ ರೈಲನ್ನು ಅಂಗಡಿಯ ಗಾಜಿನ ಕಿಟಕಿಯಲ್ಲಿ ಗಿರಾಕಿಗಳ ಕಣ್ಸೆಳೆಯಲೆಂದು ಓಡಿಸಿದರಂತೆ, ಬಂದವರು ಸರಕು ಬಿಟ್ಟು ರೈಲನ್ನೇ ಕೇಳಿದರಂತೆ. ಕಂಪನಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಕಥೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಂಬದಿರಲು ಕಾರಣವಿಲ್ಲದ ಸಂಗತಿ ಮತ್ತೊಂದಿದೆ: ಕೋವೆನ್ ಮಾರಿದ್ದು ರೈಲನ್ನಲ್ಲ, ಅಪ್ಪ–ಮಗನ ಸಂಬಂಧವನ್ನು. ಎರಡನೇ ಮಹಾಯುದ್ಧದ ನಂತರದ ಕ್ಯಾಟಲಾಗುಗಳಲ್ಲಿ ಅಪ್ಪ ಮಗನ ಪಕ್ಕ ನೆಲದ ಮೇಲೆ ಕೂತಿರುತ್ತಾನೆ. ಈ ರೈಲು ತಂದುಕೊಡದ ಅಪ್ಪ ಎಂಥ ಅಪ್ಪ ಎಂದು ಎಲ್ಲೂ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ.

ಯುದ್ಧಕಾಲದ ಒಂದು ಕಥೆಯನ್ನು ಬಿಡಲಾಗದು. 1942ರಲ್ಲಿ ಅಮೆರಿಕ ಸರ್ಕಾರ ಆಟಿಕೆಗಳಿಗೆ ಲೋಹ ಬಳಸದಂತೆ ತಡೆಯಿತು. ಲಯೊನೆಲ್ ಕಾರ್ಖಾನೆ ಹಡಗಿನ ದಿಕ್ಸೂಚಿ ಮುಂತಾದವನ್ನು ಮಾಡತೊಡಗಿತು. ಹುಡುಗರು ಮರೆತುಬಿಟ್ಟಾರೆಂಬ ಹೆದರಿಕೆಗೆ 1943ರಲ್ಲಿ ರಟ್ಟಿನ ರೈಲು ಬಿಟ್ಟರು. ಎಂಜಿನ್ನು, ಡಬ್ಬಿ, ಹಳಿ, ಗೇಟು ಎಲ್ಲ ರಟ್ಟಿನಿಂದ ಬಿಡಿಸಿ ಜೋಡಿಸಬೇಕು. ಜೋಡಿಸುವುದು ಎಷ್ಟು ಕಷ್ಟವೆಂದರೆ ಇಂದಿಗೂ ಸಂಗ್ರಾಹಕರು ಅದನ್ನು ನೆನೆದು ನಗುತ್ತಾರೆ. ಯುದ್ಧ ಮುಗಿದ ಮೇಲೆ ಕಾಗದದ ಬರ. 1946ರ ಕ್ಯಾಟಲಾಗನ್ನು 'ಲಿಬರ್ಟಿ' ಎಂಬ ವಾರಪತ್ರಿಕೆಯೊಳಗೇ ಸೇರಿಸಿ ಅಚ್ಚು ಹಾಕಿಸಿದರು. ಹೊಗೆ ಬಿಡುವ ಎಂಜಿನ್ನು ಬಂದದ್ದು ಆ ವರ್ಷವೇ. ಮರುವರ್ಷ ಬಂತು ಹಾಲಿನ ಬೋಗಿ: ಗುಂಡಿ ಒತ್ತಿದರೆ ಬಿಳಿ ಉಡುಪಿನ ಪುಟ್ಟ ಮನುಷ್ಯ ಬಾಗಿಲು ತೆರೆದು ಹಾಲಿನ ಕ್ಯಾನುಗಳನ್ನು ಒಂದೊಂದಾಗಿ ಪ್ಲಾಟ್‌ಫಾರಂ ಮೇಲಿಡುತ್ತಾನೆ. ಲಯೊನೆಲ್ ಮಾರಿದ ಅತಿ ಜನಪ್ರಿಯ ವಸ್ತುಗಳಲ್ಲಿ ಅದೊಂದು. ಚಿತ್ರದಲ್ಲಿ ಮಾತ್ರ ಅವನು ನಿಜವಾದ ಗೌಳಿಯಷ್ಟು ನಾಜೂಕು. ಕೈಗೆ ಸಿಕ್ಕವನು ಕ್ಯಾನನ್ನು ಇಡುವುದಿಲ್ಲ, ಎಸೆಯುತ್ತಾನೆ.

ಕ್ಯಾಟಲಾಗ್ ಆಟಿಕೆಯ ಜಾಹೀರಾತಷ್ಟೇ ಅಲ್ಲ ಎಂಬುದು 1948ರಲ್ಲಿ ಚೆನ್ನಾಗಿ ತಿಳಿಯುತ್ತದೆ. ಆ ವರ್ಷ ಸಾಂಟಾ ಫೆ ರೈಲ್ವೆಯ ಕೆಂಪು–ಬೆಳ್ಳಿ ಬಣ್ಣದ ಎಫ್3 ಡೀಸೆಲ್ ಎಂಜಿನ್ನಿನ ಮಾದರಿ ಬಂತು. ಆ ಮಾದರಿಯ ಅಚ್ಚು ತಯಾರಿಸುವ ಖರ್ಚಿನಲ್ಲಿ ಪಾಲು ಹಾಕಿದವರು ಅಸಲಿ ಎಂಜಿನ್ನು ತಯಾರಿಸುತ್ತಿದ್ದ ಜನರಲ್ ಮೋಟರ್ಸ್, ಜೊತೆಗೆ ಸಾಂಟಾ ಫೆ ಮತ್ತು ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಗಳು. ಇಂದು ಮೇಜಿನ ಮೇಲೆ ನಮ್ಮ ಎಂಜಿನ್ನು ಓಡಿಸಿದ ಹುಡುಗ ನಾಳೆ ನಮ್ಮ ರೈಲಿಗೇ ಟಿಕೆಟ್ ಕೊಂಡಾನು ಎಂಬ ಲೆಕ್ಕಾಚಾರ. ಆ ಹುಡುಗರು ದೊಡ್ಡವರಾಗಿ ಕಾರು ಕೊಂಡರು, ವಿಮಾನ ಹತ್ತಿದರು.

ಇನ್ನು 1957ರ ಲಯೊನೆಲ್ ಕ್ಯಾಟಲಾಗ್. ಅಷ್ಟು ವರ್ಷ ಈ ಪುಟಗಳಲ್ಲಿ ಹೆಣ್ಣುಮಕ್ಕಳು ಇದ್ದರೂ ಬದಿಯಲ್ಲಿ ನಿಂತು ಅಣ್ಣನ ಆಟ ನೋಡುವವರು. ವ್ಯಾಪಾರ ಇಳಿಯತೊಡಗಿದಾಗ ಕಂಪನಿಗೆ ಅವರ ನೆನಪಾಯಿತು. ನೆನಪಾಗಿ ಮಾಡಿದ್ದೇನು? ಉಗಿ ಎಂಜಿನ್ನಿಗೆ ಗುಲಾಬಿ ಬಣ್ಣ ಬಳಿದರು. ಹಿಂದಿನ ಡಬ್ಬಿಗಳಿಗೆ ತಿಳಿನೇರಳೆ, ಬೆಣ್ಣೆಹಳದಿ, ತಿಳಿನೀಲಿ. ಬೆಲೆ ಸುಮಾರು 50 ಡಾಲರ್. ಎರಡು ವರ್ಷದ ಕ್ಯಾಟಲಾಗಿನಲ್ಲಿ ಮಿಂಚಿ ಮಾಯವಾಯಿತು. ರೈಲು ಬೇಕೆಂದ ಹುಡುಗಿಗೆ ರೈಲಿನಂತಿರುವ ರೈಲೇ ಬೇಕಿತ್ತು ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ, ನನಗೂ ಅದೇ ಸರಿ ಕಾಣುತ್ತದೆ. ಅಂಗಡಿಯಲ್ಲಿ ಧೂಳು ತಿಂದ ಆ ಸೆಟ್ಟು ಇಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಟ್ಟು ಹುಡುಕುವ ಲಯೊನೆಲ್‌ಗಳಲ್ಲಿ ಒಂದು. ನಕಲಿಗಳೂ ಓಡಾಡುತ್ತವೆ, ಕಂಪನಿಯೇ ಆಮೇಲೆ ಮರುತಯಾರಿಯನ್ನೂ ಬಿಟ್ಟಿದೆ. ಅಸಲಿ ಯಾವುದು ಎಂದು ಗುರುತಿಸಲು ಹೊರಟವರು ಮೊದಲು ತೆರೆಯುವುದು 1957ರ ಕ್ಯಾಟಲಾಗನ್ನು. ಅದನ್ನೂ ಪೂರ್ತಿ ನಂಬುವಂತಿಲ್ಲ. ಚಿತ್ರಕಾರರು ಅನೇಕ ಸಲ ಬರೆದದ್ದು ಕಾರ್ಖಾನೆಯಿಂದ ಬಂದ ಸರಕನ್ನು ನೋಡಿ ಅಲ್ಲ, ಅದಕ್ಕೂ ಮುಂಚಿನ ನಮೂನೆಯನ್ನು ನೋಡಿ. ಹೀಗಾಗಿ ಪುಟದಲ್ಲಿದ್ದರೂ ತಯಾರಾಗಲೇ ಇಲ್ಲದವು ಎಂಬ ಒಂದು ವರ್ಗವೇ ಸಂಗ್ರಾಹಕರ ಪಟ್ಟಿಗಳಲ್ಲಿದೆ.

ಜರ್ಮನಿಯ ಮಾರ್ಕ್ಲಿನ್ ಬಗ್ಗೆ ಎರಡೇ ಮಾತು. ಗೋಪಿಂಗೆನ್ ಊರಿನ ಈ ಕಂಪನಿ 1859ರಲ್ಲಿ ಗೊಂಬೆಮನೆಯ ಅಡುಗೆ ಸಾಮಾನಿನಿಂದ ಶುರುವಾಯಿತು. 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಇವರು ತೋರಿಸಿದ್ದು ಎಂಟರ ಆಕಾರದ ಹಳಿ. ಎಂಜಿನ್ನು, ಡಬ್ಬಿ, ಹಳಿ, ಕವಲು ಎಲ್ಲವನ್ನೂ ಗೊತ್ತಾದ ಅಳತೆಯಲ್ಲಿ ಮಾಡಿ, ಈ ವರ್ಷ ಒಂದಿಷ್ಟು, ಮುಂದಿನ ವರ್ಷ ಇನ್ನಷ್ಟು ಕೊಳ್ಳುವಂತೆ ಮಾಡಿದವರು ಇವರು. ವರ್ಷವರ್ಷವೂ ಕ್ಯಾಟಲಾಗ್ ಬೇಕಾದದ್ದು ಅದಕ್ಕೇ. ಇವರ ಪುಟಗಳಲ್ಲಿ ನಗು ಕಡಿಮೆ, ಭರವಸೆ ಜಾಸ್ತಿ. 'ಮೊಸಳೆ' ಎಂಬ ಅಡ್ಡಹೆಸರಿನ ಸ್ವಿಸ್ ಎಂಜಿನ್ನಿನ ಪುಟ ಮಾತ್ರ ಯಾವ ವರ್ಷದ್ದಾದರೂ ನಾನು ಮಡಚಿಟ್ಟುಕೊಳ್ಳುತ್ತೇನೆ.

ಇಷ್ಟೆಲ್ಲ ಓದಿದ ಮೇಲೆ ಟೇಪು ಹಿಡಿದು ಅಳೆಯಬೇಕೆನಿಸುವುದು ಸಹಜ. ಹಾರ್ನ್‌ಬಿಯ ಎರಡನೇ ದರ್ಜೆಯ ತಿರುವಿನ ತ್ರಿಜ್ಯ 438 ಮಿಲಿಮೀಟರ್. ಮಾದರಿಯು ಅಸಲಿಯ 76ರಲ್ಲಿ ಒಂದು ಪಾಲಾದ್ದರಿಂದ ಅದನ್ನು 76 ಪಟ್ಟು ಹಿಗ್ಗಿಸಿದರೆ 33 ಮೀಟರ್. ನಮ್ಮ ಬ್ರಾಡ್‌ಗೇಜಿನಲ್ಲಿ ಅತಿ ಬಿಗಿಯಾದ ಹತ್ತು ಡಿಗ್ರಿ ತಿರುವಿಗೂ 175 ಮೀಟರ್ ತ್ರಿಜ್ಯ ಬೇಕು. ಅದನ್ನು ಮೇಜಿಗಿಳಿಸಿದರೆ ಎರಡೂಕಾಲು ಮೀಟರ್ ದಾಟುತ್ತದೆ, ಪೂರ್ತಿ ಸುತ್ತಿಗೆ ಒಂದು ಹಜಾರವೇ ಸಾಲದು. ಕ್ಯಾಟಲಾಗಿನ ಚಿತ್ರದಲ್ಲಿ ಎಕ್ಸ್‌ಪ್ರೆಸ್ ಗಾಡಿ ಹಸಿರು ಬೆಟ್ಟದ ನಡುವೆ ಸೊಗಸಾಗಿ ಬಳುಕುತ್ತದೆ. ಮನೆಯಲ್ಲಿ ಅದು ಕಾಲುಮಣೆಯ ಸುತ್ತ ಗಿರಗಿರ ತಿರುಗುತ್ತದೆ. ಒಂದು ಮೈಲಿಯನ್ನು ಇದೇ ಪ್ರಮಾಣದಲ್ಲಿ ಹಾಸಲು 21 ಮೀಟರ್ ಹಳಿ ಬೇಕು ಎಂಬುದನ್ನು ಯಾವ ಕ್ಯಾಟಲಾಗಿನ ಮುಖಪುಟವೂ ಹೇಳಿಲ್ಲ.

ಇನ್ನೊಂದು ತಮಾಷೆ. ಈ ಚಿಕ್ಕ ಗಾತ್ರದಲ್ಲಿ ಯುರೋಪು, ಅಮೆರಿಕದ ಮಾದರಿಗಳು 1:87ರ ಪ್ರಮಾಣದವು, ಹಳಿಗಳ ನಡುವೆ 16.5 ಮಿಲಿಮೀಟರ್. ಬ್ರಿಟನ್ನಿನ ಎಂಜಿನ್ನುಗಳು ಮೊದಲೇ ಸಣ್ಣಮೈಯವು. ಅಂದಿನ ಮೋಟಾರು ಅವುಗಳ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಹಾಗಾಗಿ ಮೈಯನ್ನು 1:76ಕ್ಕೆ ಹಿಗ್ಗಿಸಿದರು, ಹಳಿಯನ್ನು ಇದ್ದಹಾಗೇ ಬಿಟ್ಟರು. ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಅವು ಇಂದಿಗೂ ಓಡುತ್ತಿವೆ. ಗೊತ್ತಿದ್ದೂ ಹೆಚ್ಚಿನವರು ದೂರುವುದಿಲ್ಲ.

ನಮ್ಮ ರೈಲುಗಳಿಗೆ ಈ ಪುಸ್ತಕಗಳಲ್ಲಿ ಜಾಗವೇ ಇರಲಿಲ್ಲ. ಮೈಸೂರು ಸಂಸ್ಥಾನದ ರೈಲುದಾರಿಗಳು ಬಹುಪಾಲು ಮೀಟರ್ ಗೇಜ್ ಆಗಿದ್ದವು. 1882ರಲ್ಲಿ ಪೂರ್ತಿಯಾದ ಬೆಂಗಳೂರು–ಮೈಸೂರು ಮಾರ್ಗವೂ ಹಾಗೇ. ಅಲ್ಲಿ ಬೆಳೆದ ಹುಡುಗನ ಕಣ್ಣಿನ ಎಂಜಿನ್ನು ಎಂದರೆ ಕಪ್ಪು ಬಣ್ಣದ ವೈಪಿ ವರ್ಗದ ಉಗಿಬಂಡಿ. ಆದರೆ ಅವನು ಓದಿದ್ದು ಐಷಾರಾಮಿ ಪುಲ್‌ಮನ್ ಬೋಗಿಗಳ ಬಗ್ಗೆ. ಲೆಕ್ಕ ಹಾಕಿ ನೋಡಿ: ನಮ್ಮ 1,676 ಮಿಲಿಮೀಟರ್ ಬ್ರಾಡ್‌ಗೇಜನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುತ್ತದೆ. ಆ ಅಗಲದ ಹಳಿ ದೊಡ್ಡ ಕಂಪನಿಗಳ ಯಾವ ಕ್ಯಾಟಲಾಗಿನಲ್ಲೂ ನನಗೆ ಸಿಕ್ಕಿಲ್ಲ. ಹೀಗಾಗಿ ಇಲ್ಲಿನ ಹವ್ಯಾಸಿಗಳು ಭಾರತೀಯ ಎಂಜಿನ್ನನ್ನು ಕೈಯಾರೆ ಮಾಡಿದರೂ ಓಡಿಸುವುದು ಪರದೇಶದ 16.5ರ ಹಳಿಯ ಮೇಲೆ. ಮೀಟರ್ ಗೇಜಿನ ಅದೃಷ್ಟ ಕೊಂಚ ವಾಸಿ. ಸ್ವಿಟ್ಜರ್ಲೆಂಡಿನ ರೇಷಿಯನ್ ರೈಲ್ವೆ ಮೀಟರ್ ಗೇಜಿನದು, ಅದರ ಮಾದರಿಗಳಿಗಾಗಿ ಜರ್ಮನಿಯ ಬೆಮೊ ಕಂಪನಿ 12 ಮಿಲಿಮೀಟರ್ ಹಳಿ ಮಾರುತ್ತದೆ. ಮೀಟರ್ ಗೇಜ್ ಕಾಲದ ಕಡೂರು, ಅರಸೀಕೆರೆಯನ್ನು ಮೇಜಿನ ಮೇಲೆ ಕಟ್ಟಬಯಸುವವನು ಆಲ್ಪ್ಸ್ ಬೆಟ್ಟದ ಪುಟ ತೆರೆಯಬೇಕು.

ಹಳೇ ಕ್ಯಾಟಲಾಗ್ ಬರೀ ಹಳಹಳಿಕೆಯ ಸರಕು ಎನ್ನುವವರೊಡನೆ ನನಗೆ ಜಗಳವಿಲ್ಲ, ಅದರಲ್ಲಿ ನಿಜವಿದೆ. ಬ್ರಿಟಿಷ್ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿಬಂಡಿಯ ಓಡಾಟ ನಿಂತದ್ದು 1968ರ ಆಗಸ್ಟಿನಲ್ಲಿ. ಟ್ರೈ-ಆಂಗ್ ಹಾರ್ನ್‌ಬಿ ತನ್ನ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಉಗಿ ಎಂಜಿನ್ನನ್ನು ಮಾರುಕಟ್ಟೆಗೆ ಬಿಟ್ಟದ್ದೂ ಅದೇ ವರ್ಷ. ಅಲ್ಲಿಯವರೆಗೆ ಕ್ಯಾಟಲಾಗ್ ಹುಡುಗನಿಗೆ ಅವನ ಇಂದಿನ ರೈಲನ್ನು ಮಾರುತ್ತಿತ್ತು. ಅಲ್ಲಿಂದೀಚೆಗೆ ಅಪ್ಪನಿಗೆ ಅವನ ನಿನ್ನೆಯನ್ನು ಮಾರತೊಡಗಿತು. ಈಗ ಈ ಆಟಿಕೆಗಳ ಗಿರಾಕಿಗಳಲ್ಲಿ ತಲೆ ನೆರೆತವರೇ ಹೆಚ್ಚು. ಚೀನಾದಲ್ಲಿ ತಯಾರಾಗುವ ಇಂದಿನ ಎಂಜಿನ್ನುಗಳು ಕೊಳವೆ, ಹಿಡಿಕೆ, ಮೊಳೆಯವರೆಗೆ ಕರಾರುವಾಕ್ಕು. ಜಿರಾಫೆಗೆ ಅಲ್ಲಿ ಕೆಲಸವಿಲ್ಲ. ನನ್ನ ಮಟ್ಟಿಗೆ ಅದು ನಷ್ಟ.

ರೈಲು ಓಡುವುದನ್ನೇ ನೋಡಬೇಕೆನ್ನುವವರು ಪುಣೆಯಲ್ಲಿ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂಗೆ ಹೋಗಬಹುದು. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ, ಅಲ್ಲಿ ಅಸಲಿ ಎಂಜಿನ್ನುಗಳನ್ನೇ ಮುಟ್ಟಿ ನೋಡಬಹುದು.

ನಿಮ್ಮ ಮನೆಯ ಅಟ್ಟದಲ್ಲಿ, ಅಜ್ಜನ ಟ್ರಂಕಿನಲ್ಲಿ ಇಂಥ ಕ್ಯಾಟಲಾಗೋ ಹಳೇ 'ಮೆಕ್ಯಾನೊ ಮ್ಯಾಗಜಿನ್' ಸಂಚಿಕೆಯೋ ಇದ್ದರೆ ರದ್ದಿಯವನನ್ನು ಕರೆಯುವ ಮುನ್ನ ಒಮ್ಮೆ ತೆರೆಯಿರಿ. ಒಳಗೆ ಮಡಚಿಟ್ಟ ಬಿಡಿ ಹಾಳೆಯೊಂದು ಸಿಕ್ಕರೆ ಬಿಸಾಡಬೇಡಿ, ಅದು ಬೆಲೆಪಟ್ಟಿ. ಪುಸ್ತಕಕ್ಕಿಂತ ಅದೇ ಅಪರೂಪ. ನಮ್ಮ ಮಳೆಗಾಲಕ್ಕೆ ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಕಾಗದ ತಿನ್ನುತ್ತದೆ, ಮೆಲ್ಲಗೆ ಬಿಡಿಸಿ ಹತ್ತಿಯ ದಾರದಲ್ಲಿ ಹೊಲಿಯಿರಿ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಇಟ್ಟುಕೊಳ್ಳಲು ಜಾಗವಿಲ್ಲವೆಂದರೆ ಪುಟಗಳನ್ನು ಸ್ಕ್ಯಾನ್ ಮಾಡಿಸಿ, ಪುಸ್ತಕವನ್ನು ಆಸಕ್ತಿ ಇರುವವರಿಗೆ ಕೊಟ್ಟುಬಿಡಿ.